ಜಾರುವ ಚಿಪ್ಪಿನ ಚಂದ್ರ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು, ನೀನು ಸಂಶೋಧನೆ ಮಾಡುವ ಆ ದೂರದ ಚಂದ್ರರು ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಗಂಡ ಅಡುಗೆಗೆ ಎರಡೆರಡು ಸಲ ಉಪ್ಪು ಹಾಕಿ, ನಾವು ಮುಖ ಸಿಂಡರಿಸಿದರೆ ಮುನಿಸಿಕೊಳ್ಳುತ್ತಾನೆ. ನಿನ್ನ ಮಗಳು ಗುಬ್ಬಿ ಓಡಲು ಕಲಿತಿದ್ದಾಳೆ, ಅವಳ ಹಿಂದೆ ಓಡಿ ಓಡಿ ನನ್ನ ಮಂಡಿ ಹಿಡಿದುಕೊಂಡಿದೆ. ನೀನು ಫೋನಿನಲ್ಲಿ, "ಇಲ್ಲೇ ಇನ್ನೆರಡು ವರ್ಷ ಕೆಲಸ ಕೊಡ್ತೀವಿ ಅಂತಿದ್ದಾರೆ ಅತ್ತೆ, ಬೇಡ ಅಂದುಬಿಡ್ತೀನಿ, ಮಗುನ ಇಲ್ಲಿ ನೋಡಿಕೊಳ್ಳೋರು ಯಾರಿದ್ದಾರೆ" ಅಂದೆಯಲ್ಲ, ಆವತ್ತಿನಿಂದ ನನಗೆ ಸಮಾಧಾನವಿಲ್ಲ.

ಮರದ ಆಟಿಕೆ ಕಡೆಯುವವಳನ್ನು ಮಂಜುಗಡ್ಡೆ ಹೊದ್ದ ಚಂದ್ರನ ಮಾದರಿ ಮಾಡಿಕೊಡಿ ಎಂದು ಕೇಳಿದವಳು ನೀನೊಬ್ಬಳೇ. ಒಳಗೆ ಕಲ್ಲಿನ ಬಣ್ಣದ ಉಂಡೆ, ಮೇಲೆ ಬಿಳಿ ಚಿಪ್ಪು. ನಾನೋ, ನನ್ನ ಅಂಗಡಿಯಿಂದ ಹೋದದ್ದು ಅಲುಗಾಡಿದರೆ ಮಾನ ಹೋಯಿತು ಅನ್ನುವವಳು. ಚಿಪ್ಪನ್ನು ಉಂಡೆಗೆ ಗೋಂದು ಹಾಕಿ ಬಿಗಿದು, ಬೀಗಿಕೊಂಡು ಕಳಿಸಿದೆ. ನೀನು ನಗು ತಡೆದುಕೊಂಡು, "ಅತ್ತೆ, ಅದು ಜಾರಬೇಕಲ್ಲಾ!" ಅಂದೆ. ಆಮೇಲೆ ಬೇಸರಪಡದೆ ಬಿಡಿಸಿ ಹೇಳಿದೆ. ದೊಡ್ಡ ಗ್ರಹ ಆ ಚಂದ್ರನನ್ನು ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಎಳೆಯುತ್ತಾ ಹಿಟ್ಟಿನಂತೆ ನಾದುತ್ತದೆ, ಅದಕ್ಕೇ ಒಳಗೆ ಕಾವು ಹುಟ್ಟಿ ಮಂಜುಗಡ್ಡೆಯ ಅಡಿಯಲ್ಲಿ ಕಡಲು ಉಳಿದಿದೆ. ನೀರಿನ ಮೇಲೆ ತೇಲುವ ಚಿಪ್ಪು ಒಳಗಿನ ಕಲ್ಲಿಗೆ ಅಂಟಿಕೊಂಡಿಲ್ಲ. ಗ್ರಹದ ಸೆಳೆತ ಅದರ ಒಂದೇ ಮುಖವನ್ನು ತನ್ನ ಕಡೆ ಹಿಡಿದಿಡಲು ನೋಡುತ್ತದೆ, ಕೆಳಗಿನ ಬೆಚ್ಚನೆಯ ನೀರಿನ ಹರಿವು ಮೆಲ್ಲಗೆ ತಳ್ಳುತ್ತದೆ. ಹಾಗಾಗಿ ಚಿಪ್ಪು ತುಸು ಮುಂದಕ್ಕೋ ಹಿಂದಕ್ಕೋ ಜಾರಬಹುದು ಅನ್ನುವುದು ನಿನ್ನ ಲೆಕ್ಕ. ಸರಿಯಾಗಿ ಒಪ್ಪಿಸಿದೆ ತಾನೇ?

ಎರಡನೆಯದನ್ನು ಬೇಕೆಂದೇ ಸಡಿಲ ಬಿಟ್ಟು ಕಡೆಯುವಾಗ ಪ್ರಾಣ ಬಾಯಿಗೆ ಬಂದಿತ್ತು, ಕೈ ತಾನಾಗಿ ಬಿಗಿ ಮಾಡಲು ಹೋಗುತ್ತಿತ್ತು. ಅದನ್ನು ನಿಮ್ಮ ವಿಜ್ಞಾನಿಗಳ ಸಭೆಯಲ್ಲಿ ತಿರುಗಿಸಿ ತೋರಿಸಿದ ಕೂಡಲೇ ಎಲ್ಲರಿಗೂ ಅರ್ಥವಾಯಿತು ಅಂತ ನೀನು ಅಂದೆ. "ನಮ್ಮತ್ತೆ ಮಾಡಿದ್ದು ಅಂತ ಮೊದಲೇ ಹೇಳಿದೆ" ಅಂದೆ. ಇಷ್ಟು ವರ್ಷ ಲೇತಿನ ಮುಂದೆ ನಿಂತಿದ್ದೇನೆ, ಇದು ಇವಳ ಕೈಕೆಲಸ ಎಂದು ನಾಲ್ಕು ಜನರ ಮುಂದೆ ಯಾರೂ ಹೇಳಿರಲಿಲ್ಲ. ಸಂತೋಷಕ್ಕೆ ಆವತ್ತು ನನಗೆ ಊಟವೇ ಸೇರಲಿಲ್ಲ. ನೀನು ನಮ್ಮ ಮನೆಗೆ ಬಂದದ್ದು ನನ್ನ ಪುಣ್ಯ ಕಣಮ್ಮ.

ಮೈ ಕಡೆ ಗಮನವಿರಲಿ. ತಣ್ಣಗೆ ಬಾಳು, ಮಗಳೇ.

ನಿನ್ನ ಅತ್ತೆ

ಕವರು ಅಂಟಿಸುವ ಮೊದಲು: ಬೇಡ ಅನ್ನಬೇಡ, ಆ ಕೆಲಸ ಒಪ್ಪಿಕೋ. ಅಂಗಡಿಗೆ ಬೀಗ ಹಾಕಿ ಕೀಲಿಕೈ ನಿನ್ನ ಗಂಡನಿಗೆ ಕೊಟ್ಟಿದ್ದೇನೆ, ಅವನು ರಜೆ ಸಿಕ್ಕಾಗಲೆಲ್ಲ ಬರುತ್ತಾನೆ. ಗುಬ್ಬಿಯನ್ನು ಕಟ್ಟಿಕೊಂಡು ನಾನೇ ಗುರುವಾರದ ರೈಲಿಗೆ ಹೊರಟಿದ್ದೇನೆ, ಎರಡು ವರ್ಷವೂ ಅಲ್ಲೇ ಇರುತ್ತೇನೆ. ಸ್ಟೇಷನ್ನಿಗೆ ಬಾ.