ಅರ್ಜಿಯ ಮೇಲಿನ ಸಹಿ

೪ ಜನವರಿ, ಭಾನುವಾರ. ಶಿರಸಿ.

ಇವತ್ತು ಕೊಟ್ಟ ಬಿಳಿ ಕೋಲು ಬಾಗಿಲ ಹಿಂದೆ ನಿಂತಿದೆ. ಮುಟ್ಟಲೂ ಹೇಸಿಗೆ. ಎದೆಮಟ್ಟ ಬರಬೇಕಾದ್ದು ಸೊಂಟಕ್ಕೇ ಮುಗಿಯುತ್ತದೆ. ಅದನ್ನು ನಂಬಿದರೆ ಗಟಾರ ಗೊತ್ತಾಗುವುದು ಬಿದ್ದ ಮೇಲೇ.

ಬ್ರೈಲ್ ದಿನ ಅಂತ ಸಿನಿಮಾ ಹೀರೋ ಒಬ್ಬನನ್ನು ಕರೆಸಿದ್ದರು. ನಮ್ಮ ಕೈಯಲ್ಲಿದ್ದ ಕೋಲುಗಳನ್ನು ಮೊದಲೇ ಇಸಕೊಂಡು ಮೂಲೆಗಿಟ್ಟರು, ಫೋಟೋದಲ್ಲಿ ಕಾಣಬಾರದಂತೆ. ಯಲ್ಲಾಪುರದ ಕೆರಿಯಪ್ಪಣ್ಣ, ಅವನೂ ನನ್ನ ಹಾಗೆ ಹುಟ್ಟು ಕುರುಡ, "ನನ್ನ ಕೋಲು ಕಸ್ಕೊಂಡು ನಂಗೇ ಕೋಲು ಕೊಡ್ತಾರಲ್ಲೆ ಮಾರಾಯ್ತಿ" ಅಂದ.

ನಾನು ಹೋದದ್ದು ಕೋಲಿಗಲ್ಲ. ವೇದಿಕೆಯ ಮೇಲೆ ದೊಡ್ಡ ಅಧಿಕಾರಿ ಇರುತ್ತಾರೆ, ಅರ್ಜಿಯನ್ನು ಅವರ ಕೈಗೇ ಕೊಡೋಣ ಅಂತ. ಹದಿನಾಲ್ಕು ವರ್ಷದಿಂದ ಶಾಲೆಯ ಶಿಕ್ಷಕರ ಹಾಜರಿ ಪುಸ್ತಕಕ್ಕೆ ದಿನಾ ಸಹಿ ಹಾಕುವವಳು ನಾನು. ಬ್ಯಾಂಕಿನಲ್ಲಿ ಮಾತ್ರ ಹೆಬ್ಬೆಟ್ಟೇ ಒತ್ತಬೇಕಂತೆ. ಅರ್ಜಿ ಅದರ ಬಗ್ಗೆ. ಕೈ ಚಾಚಿ ಕೊಟ್ಟೆ. ಅತ್ತರಿನ ವಾಸನೆ ಹತ್ತಿರ ಬಂತು, ಪೆನ್ನು ಗೀಚಿದ ಸದ್ದು, ಆಮೇಲೆ ಚಪ್ಪಾಳೆ. ಹಾಳೆ ವಾಪಸ್ ನನ್ನ ಕೈಗೇ ಬಂತು.

ಮನೆಯಲ್ಲಿ ತಂಗಿ ಗೀತಾ ಬಿಡಿಸಿ ನೋಡಿದಳು. "ಅಕ್ಕಾ, ಅರ್ಜಿ ತುಂಬ ಹೀರೋನ ಆಟೋಗ್ರಾಫ್ ಐತಲ್ಲ. ಪ್ರೀತಿಯಿಂದ ಅಂತ ಬರದಾನ."

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಬ್ಯಾಂಕ್ ಮ್ಯಾನೇಜರರ ಮಾತೇ ಕಿವಿಯಲ್ಲಿದೆ: "ಕಾಗದದಾಗ ಏನೈತಿ ಅಂತ ಓದಲಾರದೆ ಹಾಕಿದ್ದು ಸಹಿ ಹೆಂಗ ಆಗ್ತದ್ರಿ ಮೇಡಂ?"

ನಾಳೆ ಇದೇ ಹಾಳೆಯನ್ನು ಅವರ ಮೇಜಿನ ಮೇಲೆ ಇಡುತ್ತೇನೆ. ಇದಕ್ಕೆ ಸಹಿ ಹಾಕಿದವನಿಗೆ ಎರಡೂ ಕಣ್ಣಿವೆ.