ವಿಲೈ ಹಾಡಿದ ಉತ್ತರ

ನವೆಂಬರ್ ೧೮, ಬುಧವಾರ

ಕಟ್ಟಿದ ಗಂಟಲು ಇನ್ನೂ ಬಿಟ್ಟಿಲ್ಲ. ಹೊಸ ಅಕ್ಕಿಯ ಹಬ್ಬ ನಮ್ಮ ಮನೆಯಲ್ಲಿರುವಾಗಲೇ ಹೀಗಾಗಬೇಕೆ! ಹೆಂಡದ ಜಾಡಿಯ ಮುಂದೆ ನೆಂಟರು ಹಾಡಿದರೆ ಮನೆಯವರು ಹಾಡಿನಲ್ಲೇ ಉತ್ತರ ಕೊಡಬೇಕು. ಅತ್ತೆ ತೀರಿಹೋದಮೇಲೆ ಅದು ನನ್ನ ಕೆಲಸ.

ನನ್ನ ಅಣ್ಣ ಲಿಯಂಗ್ ಜಾಡಿಯಿಂದ ಹೀರುವ ಬಿದಿರಿನ ಕೊಳವೆ ಹಿಡಿದು, ಈ ಹೆಂಡ ಸಿಹಿಯೋ ಹುಳಿಯೋ ಹೇಳುವವರಿಲ್ಲವೇ ಎಂದು ಹಾಡಿ ನಿಲ್ಲಿಸಿದ. ನಾನು ಗಂಟಲು ಮುಟ್ಟಿ ತೋರಿಸಿದೆ.

"ಹಾಗಾದ್ರೆ ಸೊಸೆ ಹಾಡ್ಲಿ," ಎಂದು ನಕ್ಕ.

"ವಿಲೈನಾ? ಅವಳು ಹೊಳೆದಂಡೆಯ ಲಾವೋ ಹುಡುಗಿ ಕಣ್ರೀ. ನಮ್ಮ ಖ್ಮು ಮಾತಲ್ಲಿ ಉಪ್ಪು ಕೇಳೋಕೂ ಬರಲ್ಲ," ಎಂದಳು ಅತ್ತಿಗೆ.

ವಿಲೈ ಅನ್ನದ ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತಳು. ಕಣ್ಣು ಮುಚ್ಚಿ ನನ್ನ ರಾಗವನ್ನೇ ಎತ್ತಿಕೊಂಡಳು. ನಮ್ಮ ಗುಡ್ಡದ ಹೊಲ ಚಿಕ್ಕದು, ಕಾಡುಹಂದಿ ತಿಂದುಳಿದ ಭತ್ತದ ಹೆಂಡವಿದು, ಹುಳಿಯಾದರೂ ಮುಖ ಸಿಂಡರಿಸದೆ ಕುಡಿಯಿರಿ ಎಂದು ಹಾಡಿದಳು. ಆದರೆ ಕಾಡುಹಂದಿ ಅನ್ನುವಲ್ಲಿ ಬಾಯಿತಪ್ಪಿ ಸೋದರಮಾವ ಅಂದಳು!

ಮನೆ ಹಾರಿಹೋಗುವಷ್ಟು ನಗು.

"ಹೌದು ಕಣಮ್ಮಾ, ತಿಂದೋನು ನಾನೇ!" ಎಂದು ಅಣ್ಣ ತಲೆಬಾಗಿ ಕುಡಿದ. ಎಂಥವರ ಹಾಡಿಗೂ ತಲೆಬಾಗದ ನನ್ನಣ್ಣ.

"ಯಾರು ಕಲಿಸಿದ್ದೇ ಇವಳಿಗೆ?" ಎಂದು ಅತ್ತಿಗೆ ಕೇಳಿದಾಗ ನಾನು ಎದೆ ತಟ್ಟಿ ತೋರಿಸಿದೆ. ಕಲಿಸಿದ್ದೇನೂ ಇಲ್ಲ. ಹೊಲದಲ್ಲಿ ನನ್ನ ಹಿಂದೆ ಕಳೆ ಕೀಳುತ್ತ, ತುಟಿ ಬಿಚ್ಚದೆ, ನಾನು ಹಾಡಿದ್ದೆಲ್ಲವನ್ನೂ ಕಿವಿಗೆ ಹಾಕಿಕೊಂಡಿದ್ದಾಳೆ ಕಳ್ಳಿ. ನನ್ನ ರಾಗ ಇನ್ನು ಈ ಮನೆ ಬಿಟ್ಟು ಹೋಗುವುದಿಲ್ಲ.

ಒಲೆ ಆರುತ್ತಿದೆ. ತಡಿಕೆಯಾಚೆ ಅವಳಿನ್ನೂ ಮೆಲ್ಲಗೆ ಗುನುಗುತ್ತಿದ್ದಾಳೆ, ನನಗೆ ನಿದ್ದೆ ಎಲ್ಲಿಂದ ಬರಬೇಕು!