ನೋಡೀನಿ ಅಂದ ಮಾತು

ಔರಾದ
೧೪ ನವೆಂಬರ್ ೨೦೨೪

ಪ್ರೀತಿಯ ಕುಬರಾಳಿಗೆ,

ನಿನ್ನ ಮಲ್ಲಿಯ ಸಲಾಂ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ. ನಿನ್ನ ಏಳು ಮೆಸೇಜಿಗೆ ಉತ್ತರ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಬೈಯುವುದಿದ್ದರೆ ಮನಸಾರೆ ಬೈದುಕೋ, ಬೀದರಿನ ನರ್ಸಿಂಗ್ ಹಾಸ್ಟೆಲಿನಲ್ಲಿ ನಿನ್ನ ಎಣ್ಣೆ ಬಾಟಲಿ ಒಡೆದಾಗ ಬೈದ ಹಾಗೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ನಮ್ಮ ಮನೆಯವರು ಭಾನುವಾರ ಭಾಲ್ಕಿಗೆ ಬರುತ್ತಾರೆ, ಅವರ ಕೈಯಲ್ಲಿ ಈ ಕಾಗದ.

ನೌಕರಿ ಬಿಟ್ಟು ಎರಡು ತಿಂಗಳಾಯಿತು. ಹೆರಿಗೆ ವಾರ್ಡಿನಲ್ಲಿ ನಿನ್ನ ಜೊತೆ ಇಪ್ಪತ್ತೊಂದು ವರ್ಷ ಕೂಸುಗಳನ್ನು ಹಿಡಿದ ಕೈ ಈಗ ತೊಗರಿಬೇಳೆ ಆರಿಸುತ್ತದೆ. "ಇನ್ನರೆ ಆರಾಮ ಕೂಡು" ಎನ್ನುತ್ತಾರೆ ಇವರು. ಕೂತರೆ ಅಂಜಿಕೆ ಬರುತ್ತದೆ, ಕುಬರಾ. ಸಾರಿಗೆ ಹಾಕುವ ಮುಂಚೆ ಉಪ್ಪನ್ನು ಮೂರು ಸಲ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಹಾಲಿಗೆ ಸಕ್ಕರೆ ಹಾಕುವಾಗಲೂ ಅಷ್ಟೇ. ಹಾವು ಕಚ್ಚಿದವಳಿಗೆ ಹಗ್ಗ ಕಂಡರೂ ಭಯ ಅಂತಾರಲ್ಲ, ನನ್ನ ಮನೆ ತುಂಬಾ ಹಗ್ಗ.

ಮೊನ್ನೆ ಪಕ್ಕದ ಮನೆಯ ಸಖುಬಾಯಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಹಿಡಿದುಕೊಂಡು ಬಂದಳು. "ಸಿಸ್ಟರ್ ಬಾಯಿ, ಇದೊಂದು ಚುಚ್ಚಿ ಕೊಡ್ರಿ, ಮಗ ಊರಾಗಿಲ್ಲ." ಸೀಸೆಯ ಮೇಲಿನ ಅಕ್ಷರ ಓದಿದೆ. ಮತ್ತೆ ಓದಿದೆ. ಮೂರನೇ ಸಲ ಓದಿ ಸೀಸೆಯನ್ನು ಅವಳ ಕೈಗೇ ವಾಪಸು ಕೊಟ್ಟೆ. "ನನಗ ಬರೂದಿಲ್ರಿ" ಎಂದುಬಿಟ್ಟೆ. ಅವಳು ನಕ್ಕಳು. "ಹಂಗಾರ ಇಷ್ಟು ವರ್ಷ ದವಾಖಾನ್ಯಾಗ ಏನ್ ಮಾಡಿದ್ರಿ?" ತಮಾಷೆಗೇ ಕೇಳಿದ್ದು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಆ ಕೆಲಸ ನನಗೆ ಎಷ್ಟು ಇಷ್ಟವಿತ್ತು, ನಿನಗೊಬ್ಬಳಿಗೇ ಗೊತ್ತು. ಕೂಸು ಅಳುವ ಮುಂಚೆ ನಾವಿಬ್ಬರೂ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಅದು ಚೀರಿದ ಕೂಡಲೇ, ಗಂಡಾದರೆ "ಆ ಗಯಾ ಸಾಬ್", ಹೆಣ್ಣಾದರೆ "ಬಂದ್ಳು ನೋಡ್ ಬೇಗಂ" ಎನ್ನುತ್ತಿದ್ದೆ ನೀನು. ಈಗ ಓಣಿಯಲ್ಲಿ ಯಾವ ಕೂಸು ಅತ್ತರೂ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ನಿನ್ನೆ ನಿನ್ನ ಮಗಳು ಅಂಬರೀನ ಫೋನ್ ಮಾಡಿದ್ದಳು. "ಮಲ್ಲಿ ಖಾಲಾ, ಅಮ್ಮಿ ರಾಜೀನಾಮಾ ಬರ್ದು ಇಟ್ಟಾಳ್ರಿ. ಸೋಮವಾರ ಕೊಡ್ತಾಳಂತ. 'ಅವತ್ತು ಮಲ್ಲಿ ನೋಡಿದ ಸೀಸಿ ಬ್ಯಾರೆ, ನಾ ಸೂಜಿಗೆ ತುಂಬಿದ್ದು ಬ್ಯಾರೆ, ನನ್ನ ತಲಿ ಕೆಟ್ಟದ' ಅಂತಾಳ್ರಿ" ಎಂದಳು. ಅವಳೂ ಅಳುತ್ತಿದ್ದಳು.

ನಾನು ನೌಕರಿ ಬಿಡುವ ಮುಂಚಿನ ಆ ದಿನದ ಬಗ್ಗೆ ನಾವು ಮತ್ತೆ ಮಾತಾಡಿಯೇ ಇಲ್ಲ. ಎಂಟು ಬಾಣಂತಿ, ಗರ್ಭಿಣಿಯರಿಗೆ ನಾವಿಬ್ಬರೇ ಇದ್ದೆವು, ಆಯಾ ರಜೆಯಲ್ಲಿದ್ದಳು. ಕಲಿಯುವಾಗ ನಾವೇ ಮಾಡಿಕೊಂಡ ನಿಯಮ ಇತ್ತಲ್ಲ: ಒಬ್ಬಳು ಔಷಧಿಯ ಸೀಸೆ ಎತ್ತಿ ಹಿಡಿದು ಹೆಸರು ಹೇಳಬೇಕು, ಇನ್ನೊಬ್ಬಳು ಕಣ್ಣಾರೆ ಕಂಡು "ನೋಡೀನಿ" ಅನ್ನಬೇಕು, ಆಮೇಲೆಯೇ ಸೂಜಿ. ನೀನು ಕೊಡಬೇಕಾದ ಔಷಧಿಯ ಹೆಸರನ್ನೇ ಹೇಳಿದೆ, ನಾನು "ನೋಡೀನಿ" ಅಂದೆ. ಸೂಜಿ ಇನ್ನೇನು ಹೆರಿಗೆ ನೋವಿನಲ್ಲಿದ್ದ ಒಬ್ಬಾಕೆಯ ತೋಳಿಗೆ ಮುಟ್ಟಬೇಕು, ಆಕೆಯ ಅತ್ತೆ ಸುಭದ್ರಾಬಾಯಿ ಹೇಗೋ ಒಳಗೆ ನುಗ್ಗಿದಳು. "ತಡೀರಿ ಸಿಸ್ಟರ್, ಮೈಲಾರ ಮಲ್ಲಣ್ಣನ ಭಂಡಾರ ಹಚ್ತೀನಿ!" ನಾನು ಆಕೆಯನ್ನು ಗದರಿ ಹೊರಗೆ ನೂಕುತ್ತಿದ್ದೆ. ಆದರೂ ಆಕೆ ಸೊಸೆಯ ಹಣೆಗೆ ಅರಿಶಿನದ ಪುಡಿ ಹಚ್ಚುವಷ್ಟು ಹೊತ್ತು ನೀನು ಕಾದೆ, ಖಾಲಿ ಸೀಸೆಯ ಮೇಲೆ ನಿನ್ನ ಕಣ್ಣು ಬಿತ್ತು. ಹೆರಿಗೆ ಆದ ಮೇಲೆ ಕೊಡುವ ಔಷಧಿ, ಹೆರಿಗೆಗೆ ಮುಂಚೆಯೇ ನಿನ್ನ ಕೈಯಲ್ಲಿತ್ತು. ಕೊಟ್ಟಿದ್ದರೆ ತಾಯಿ, ಕೂಸು ಇಬ್ಬರೂ ಉಳಿಯುವುದು ಕಷ್ಟವಿತ್ತು. "ಯಾ ಅಲ್ಲಾ" ಎಂದು ನೀನು ಸೂಜಿ ಎಸೆದೆ. ಸಂಜೆಗೆ ಹೆಣ್ಣು ಕೂಸು ಹುಟ್ಟಿತು. ಅವತ್ತು ನೀನು ಬೇಗಂ ಅನ್ನಲಿಲ್ಲ.

ರಾಜೀನಾಮೆ ಕೊಡಬೇಡ. ನಿನ್ನ ತಲೆ ಕೆಟ್ಟಿಲ್ಲ. ಅಂಬರೀನಳಿಗೆ ನನ್ನ ಆಶೀರ್ವಾದ ಹೇಳು, ಚೆನ್ನಾಗಿ ಓದಲಿ. ನಿನ್ನ ಅಲ್ಲಾ, ನಮ್ಮ ಮಲ್ಲಣ್ಣ ಇಬ್ಬರೂ ಕೂಡಿ ನಿನ್ನ ಕೈಗಳನ್ನು ಕಾಯಲಿ.

ನಿನ್ನ
ಮಲ್ಲಿ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅವತ್ತು ನಾನು ನೋಡಲಿಲ್ಲ, ಕುಬರಾ. ನಿನಗೆ ಬೆನ್ನು ಮಾಡಿ ರಿಜಿಸ್ಟರ್ ಬರೆಯುತ್ತಿದ್ದೆ, ತಿರುಗದೆಯೇ "ನೋಡೀನಿ" ಅಂದೆ. ನೀನು ಎತ್ತಿ ಹಿಡಿದದ್ದೇ ತಪ್ಪು ಸೀಸೆ ಇರಬೇಕು, ತಿರುಗಿದ್ದರೆ ಕಾಣುತ್ತಿತ್ತು. ಒಬ್ಬಳ ಕಣ್ಣು ತಪ್ಪುತ್ತದೆ ಎಂದೇ ಅಲ್ಲವೇ ನಾವು ಎರಡನೇ ಕಣ್ಣು ಇಟ್ಟುಕೊಂಡದ್ದು? ಅದೊಂದೇ ದಿನವೂ ಅಲ್ಲ. ಐದಾರು ತಿಂಗಳಿಂದ ದಣಿವಿಗೋ, ಬೇಸರಕ್ಕೋ, ನೀನು ಹೇಳಿದ್ದಕ್ಕೆಲ್ಲ ನೋಡದೆಯೇ ಹಾಗೆ ಅನ್ನುತ್ತಿದ್ದೆ. ಎಷ್ಟು ಸಲವೋ ಗೊತ್ತಿಲ್ಲ, ಅದೇ ನನ್ನ ಭಯ. ನೌಕರಿ ಬಿಡುವಾಗ ಎದೆನೋವು ಅಂದದ್ದೂ ಸುಳ್ಳು. ಸೋಮವಾರ ನಿನ್ನ ರಾಜೀನಾಮೆಯ ಬದಲು ಈ ಹಾಳೆಯನ್ನು ಮೇಟ್ರನ್‌ಗೆ ಕೊಡು. ಅದಕ್ಕೇ ಇಲ್ಲಿ ಪೂರ್ತಿ ಹೆಸರು ಬರೆದಿದ್ದೇನೆ.

ಮಲ್ಲೇಶ್ವರಿ ಶಿವಕಾಂತ
ಅವತ್ತಿನ ಸ್ಟಾಫ್ ನರ್ಸ್, ಹೆರಿಗೆ ವಾರ್ಡ್